ಎಡಗೈಯ ಕಿಸೆ

ನನ್ನ ಅಣ್ಣ ಮನೆಯಲ್ಲಿ ಹಾಕುತ್ತಿದ್ದ ಬನಿಯನುಗಳಿಗೆಲ್ಲ ಎಡಬದಿಯಲ್ಲಿ, ಸೊಂಟದ ಹತ್ತಿರ, ಒಂದು ಕಿಸೆ ಇರುತ್ತಿತ್ತು. ಅಂಗಡಿಯ ಬನಿಯನಿಗೆ ಅಲ್ಲಿ ಕಿಸೆ ಇರುವುದಿಲ್ಲ, ಅತ್ತಿಗೆ ಹೊಲಿದು ಕೊಡುತ್ತಿದ್ದರು. ಮಣಿಕಟ್ಟಿನವರೆಗೆ ಕೈ ಇಳಿಯುವಷ್ಟು ಆಳದ ಕಿಸೆ. ಅದರಲ್ಲಿ ಅಣ್ಣ ಬೀಡಿ ಇಟ್ಟವನಲ್ಲ, ಚಿಲ್ಲರೆ ಇಟ್ಟವನಲ್ಲ. ಅದು ಅವನ ಎಡಗೈ ಇಡುವುದಕ್ಕೆ ಮಾತ್ರ.

ರೇಡಿಯೋದವರು ತೀರಿಹೋದ ತಮ್ಮವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ. ಮನೆಯವರು ಯಾರಾದರೂ ಬರೆದುಕೊಡಿ ಎಂದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ, ಜೀಪು ಓಡಿಸುವವ. ಬರೆಯುವುದು ರೂಢಿ ಇಲ್ಲ. ಆದರೂ ಇದನ್ನು ನಾನೇ ಬರೆಯಬೇಕು ಎಂದು ಅತ್ತಿಗೆ ಹೇಳಿದ್ದಾರೆ. ಅಣ್ಣನ ಹೆಸರು ಹಾಕಬೇಡ ಎಂದೂ ಹೇಳಿದ್ದಾರೆ.

ರೇಡಿಯೋ ಗೊತ್ತಿಲ್ಲದವರೂ ಇದನ್ನು ಓದಬಹುದು. ಅವರಿಗಾಗಿ ಒಂದೆರಡು ಮಾತು. ಸರಕಾರದ ಲೈಸೆನ್ಸು ಪಡೆದು ಮನೆಯಲ್ಲೇ ರೇಡಿಯೋ ಇಟ್ಟುಕೊಂಡು, ಬೇರೆ ಊರಿನ, ಬೇರೆ ದೇಶದ ತಮ್ಮಂಥವರ ಜೊತೆ ಮಾತಾಡುವ ಹವ್ಯಾಸದವರು ಇದ್ದಾರೆ. ಅಣ್ಣ ಅವರಲ್ಲಿ ಒಬ್ಬ. ಮಾತು ದೂರ ಮುಟ್ಟಬೇಕಾದರೆ ಅದಕ್ಕೆ ಬಲ ಕೊಡುವ ಒಂದು ಪೆಟ್ಟಿಗೆ ಬೇಕು. ಅದನ್ನು ಅವರು ಲೀನಿಯರ್ ಎನ್ನುತ್ತಾರೆ. ಈಗ ಚಿಕ್ಕದಾಗಿ ರೆಡಿಮೇಡ್ ಸಿಗುತ್ತದಂತೆ. ಅಣ್ಣ ಮಾತ್ರ ಗಾಜಿನ ದೊಡ್ಡ ವಾಲ್ವು ಹಾಕಿ ತಾನೇ ಕಟ್ಟುತ್ತಿದ್ದ. ಆ ವಾಲ್ವಿಗೆ ಎರಡು ಸಾವಿರಕ್ಕಿಂತ ಹೆಚ್ಚು ವೋಲ್ಟ್ ಬೇಕು. ಸ್ವಿಚ್ಚು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಆ ಕರೆಂಟು ಅಡಗಿ ಕೂತಿರಬಹುದು. ಆದ್ದರಿಂದ ಒಂದು ಕೈ ಪೆಟ್ಟಿಗೆಯ ಒಳಗಿದ್ದರೆ ಇನ್ನೊಂದು ಕೈ ಕಿಸೆಯಲ್ಲಿರಬೇಕು. ಎರಡೂ ಒಳಗಿದ್ದರೆ ಒಂದು ಕೈಯಿಂದ ಹತ್ತಿದ ಕರೆಂಟು ಎದೆಯನ್ನು ದಾಟಿ ಇನ್ನೊಂದು ಕೈಯಿಂದ ಇಳಿಯುತ್ತದೆ.

ಮದುವೆಯಾದ ಹೊಸದರಲ್ಲಿ ಅಣ್ಣ ಇದನ್ನು ಅತ್ತಿಗೆಗೆ ಹೇಳಿದ. ಅತ್ತಿಗೆ ಪೇಟೆಯಲ್ಲಿ ಟೈಲರಿಂಗ್ ಮಾಡುವವರು. ಲುಂಗಿ ಉಟ್ಟುಕೊಂಡು ಕೂತಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಕಿಸೆ ಎಲ್ಲಿ ಉಂಟು ನಿಮಗೆ?"

ಅಣ್ಣ ತಡವರಿಸಿದ. "ಲುಂಗಿಯ ಗಂಟಿಗೆ ಸಿಕ್ಕಿಸುದು."

"ಗಂಟು ಬಿಚ್ಚಿದರೆ?"

ಆವತ್ತೇ ಮೊದಲ ಕಿಸೆ ಹೊಲಿದದ್ದು. ಹೊಲಿದು ಮುಗಿಸಿ, ಬನಿಯನು ಕೈಯಲ್ಲೇ ಹಿಡಿದುಕೊಂಡು, "ಕೈ ಇದರಲ್ಲಿ ಇರ್ತದೆ ಅಂತ ಮಾತು ಕೊಟ್ಟರೆ ಕೊಡುದು" ಎಂದರು. ಅಣ್ಣ ಮಾತು ಕೊಟ್ಟ.

ಸವಣೂರಿನಲ್ಲಿ ಅವನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳು ಬರುತ್ತಿದ್ದವು. ಹಗಲಿಡೀ ತಾಮ್ರದ ತಂತಿ ಸುತ್ತಿ, ಪೆರಾಬೆಯ ಮನೆಗೆ ಬಂದು, ಕಾಫಿ ಕುಡಿದು ಮತ್ತೆ ತಾಮ್ರದ ತಂತಿ ಸುತ್ತುವ ಇನ್ನೊಬ್ಬನನ್ನು ನಾನು ನೋಡಿಲ್ಲ. ಲೀನಿಯರಿನ ಟ್ರಾನ್ಸ್‌ಫಾರ್ಮರು ಅವನೇ ಸುತ್ತಿದ್ದು. ಹಾಳಾದ ಫ್ರಿಜ್ಜಿನ ತಾಮ್ರದ ಕೊಳವೆಗೆ ಮರಳು ತುಂಬಿಸಿ, ನೀರಿನ ಪೈಪಿಗೆ ಸುತ್ತಿ ಕಾಯಿಲು ಮಾಡುತ್ತಿದ್ದ. ವಾಲ್ವಿನ ಸುತ್ತ ಗಾಳಿ ನೇರ ಮೇಲೆ ಹೋಗಲಿ ಎಂದು ಲಾಟೀನಿನ ಗ್ಲಾಸು ಕೂರಿಸಿದ್ದ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತಂಡಿ ಹಿಡಿಯದ ಹಾಗೆ ಒಂದು ಸಣ್ಣ ಬಲ್ಬು ಯಾವಾಗಲೂ ಉರಿಯುತ್ತಿತ್ತು. "ನಮ್ಮ ಬಟ್ಟೆಗೆ ಬೂಷ್ಟು ಹಿಡಿದರೂ ಅಡ್ಡಿ ಇಲ್ಲ, ಅದು ಬೆಚ್ಚಗೆ ಮಲಗಬೇಕು" ಎಂದು ಅತ್ತಿಗೆ ಚುಚ್ಚುತ್ತಿದ್ದರು.

ವಾಲ್ವು ತಂದುಕೊಡುತ್ತಿದ್ದದ್ದು ಹಮೀದಾಕ. ಪುತ್ತೂರಿನಲ್ಲಿ ಗುಜರಿ ವ್ಯಾಪಾರ ಅವರದು. ಗಲ್ಫಿನಲ್ಲಿದ್ದಾಗ ರೇಡಿಯೋದ ಹುಚ್ಚು ಹತ್ತಿಸಿಕೊಂಡು ಬಂದವರು, ಅಣ್ಣನಿಗೆ ಇದ್ದ ಒಬ್ಬನೇ ಆಪ್ತ ಸ್ನೇಹಿತ. ಒಮ್ಮೆ ಮುಂಬಯಿಯ ಗುಜರಿಯಿಂದ ಒಂದು ಹಳೆಯ ವಾಲ್ವನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದಿದ್ದರು.

"ಪಕ್ಕದ ಹೆಂಗಸು ಕೇಳಿದ್ದು ಮಾರಾಯ್ರೆ, ಮಗು ಎಂತ ಒಮ್ಮೆಯೂ ಅಳುದಿಲ್ಲ ಅಂತ."

ಅಣ್ಣ ಟವೆಲು ಬಿಚ್ಚಿ ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಅವಸರ ಮಾಡಿದರೆ ಅಳುದು ನಾವು" ಎಂದ. ತುಂಬ ಕಾಲ ಸುಮ್ಮನಿದ್ದ ವಾಲ್ವಿಗೆ ಒಮ್ಮೆಗೇ ವೋಲ್ಟ್ ಕೊಡಬಾರದಂತೆ. ಒಳಗಿನ ತಂತಿಯನ್ನು ಮಾತ್ರ ಕಾಯಿಸಿ ಒಂದು ಇಡೀ ಹಗಲು ಬಿಟ್ಟ. ಆ ದಿನ ಅಂಗಡಿಗೂ ಹೋಗಲಿಲ್ಲ. ಕೆಂಪಗೆ ಉರಿಯುವ ಗಾಜಿನ ಎದುರು ಕೂತು ಅದನ್ನೇ ನೋಡುತ್ತಿದ್ದ.

ಅವನಿಗೆ ತುಂಬ ಪ್ರೀತಿ ಇದ್ದದ್ದು ಅರ್ತಿನ ಮೇಲೆ, ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆಯ ಮೇಲೆ. ಕೋಣೆಯ ಹೊರಗೆ ಹೊಂಡ ತೋಡಿ, ಇದ್ದಿಲು ಉಪ್ಪು ಹಾಕಿ, ಒಂದು ತಾಮ್ರದ ಪೈಪು ಹುಗಿದಿದ್ದ. ಬೇಸಗೆಯಲ್ಲಿ ಮಣ್ಣು ಒಣಗಬಾರದೆಂದು ದಿನಾ ಬೆಳಗ್ಗೆ ಅದಕ್ಕೆ ಒಂದು ಕೊಡ ನೀರು. ಹಮೀದಾಕ ನೋಡಿ ನಗುತ್ತಿದ್ದರು.

"ಎಂತ ಮಾರಾಯ್ರೆ, ಪೈಪಿಗೆ ನೀರು ಹಾಕುದು! ಯಾವಾಗ ಫಲ ಬಿಡುದು ಇದು?"

"ಬಿಟ್ಟರೆ ಮೊದಲ ಗೊನೆ ನಿಮಗೇ."

ಮಳೆ ಹಿಡಿದ ಮೇಲೆ ನೀರು ಹಾಕುವ ಕೆಲಸ ಇಲ್ಲ. ಆಗ ಅವನು ಆ ಹೊಂಡದ ಕಡೆ ಹೋಗುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು.

ಕೋಲಿನ ವಿಷಯ ಹೇಳಬೇಕು. ಕೋಲು ಎಂದರೆ ಒಂದು ಪಿವಿಸಿ ಪೈಪು, ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ. ಕೊಕ್ಕೆಯಿಂದ ಒಂದು ತಂತಿ ಮೇಜಿನ ಹಿಂದೆ ಹೋಗಿ, ಗೋಡೆಯ ತೂತಿನಿಂದ ಹೊರಗೆ ಬಂದು, ಅಲ್ಲಿ ಒಂದು ಬೋಲ್ಟಿಗೆ ಸೇರುತ್ತಿತ್ತು. ಆ ಬೋಲ್ಟಿನಿಂದ ಅರ್ತಿನ ಪೈಪಿಗೆ ಹೆಣೆದ ದಪ್ಪ ತಾಮ್ರದ ಪಟ್ಟಿ. ಪೆಟ್ಟಿಗೆಯ ತಗಡಿನಿಂದಲೂ ಬೇರೊಂದು ತಂತಿ ನೇರ ಅದೇ ಪೈಪಿಗೆ ಹೋಗುತ್ತಿತ್ತು. ಪೆಟ್ಟಿಗೆ ತೆರೆದ ಕೂಡಲೆ ಕೊಕ್ಕೆಯನ್ನು ವಾಲ್ವಿನ ತಲೆಯ ಮೇಲಿನ ಲೋಹದ ಟೋಪಿಗೆ ಸಿಕ್ಕಿಸಿದರೆ, ಒಳಗೆ ಉಳಿದ ಕರೆಂಟೆಲ್ಲ ಮಣ್ಣಿಗೆ ಹೋಗುತ್ತದೆ. ಕೆಲಸ ಮುಗಿಯುವವರೆಗೆ ಕೋಲು ಅಲ್ಲೇ ನೇತಾಡುತ್ತಿರಬೇಕು. ಕೋಲು ಹಾಕುವವರೆಗೆ ಎಡಗೈ ಕಿಸೆಯಲ್ಲಿ. ಹಾಕಿದ ಮೇಲೆ ಕೈ ಹೊರಗೆ ತೆಗೆಯಬಹುದು. ಇದು ಅವನ ಕ್ರಮ, ಒಮ್ಮೆಯೂ ತಪ್ಪಿದ್ದಿಲ್ಲ.

ಕರೆಂಟನ್ನು ಮೆಲ್ಲಗೆ ಇಳಿಸಲು ಪೆಟ್ಟಿಗೆಯಲ್ಲಿ ಒಂದು ರೆಸಿಸ್ಟರ್ ಇತ್ತು, ತೋರಿಸಲು ಮೀಟರೂ ಇತ್ತು. ಮಳೆಗಾಲದಲ್ಲಿ ಅದರ ಮುಳ್ಳು ಸೊನ್ನೆಗೆ ಅಂಟಿಕೊಳ್ಳುತ್ತಿತ್ತು. "ಮೀಟರು ಸುಳ್ಳು ಹೇಳಿಯಾತು, ಕೋಲು ಹೇಳುದಿಲ್ಲ" ಎಂದು ಅಣ್ಣ ಅನ್ನುತ್ತಿದ್ದ. ಹಮೀದಾಕ ಒಮ್ಮೆ, ಕೋಲಿನ ತಂತಿಯನ್ನು ಪೆಟ್ಟಿಗೆಗೇ ಬೋಲ್ಟು ಮಾಡಿ ಎಂದಿದ್ದರು. ಅಣ್ಣ ಒಪ್ಪಲಿಲ್ಲ. ಸಿಡಿಲಿನ ಊರಿನಲ್ಲಿ ಬೆಳೆದವನಿಗೆ ತಗಡಿನ ಮೇಲೆ ನಂಬಿಕೆ ಇಲ್ಲ, ಮಣ್ಣಿನ ಮೇಲೆ ಮಾತ್ರ.

ಒಂದು ಸಲ ಹಲ್ಲಿಯೊಂದು ಒಳಗೆ ಹೋಗಿ ಸುಟ್ಟು ಕರಿಕಲಾಗಿತ್ತು. ಅಣ್ಣ ಅದನ್ನು ಕಾಗದದಲ್ಲಿ ತೆಗೆದು ಬಹಳ ಹೊತ್ತು ನೋಡಿದ. "ಪಾಪ, ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದ. ಮರುದಿನ ಎಲ್ಲ ಕಿಂಡಿಗಳಿಗೂ ಬಲೆ ಹೊಡೆದ.

ನನಗೂ ಅವನಿಗೂ ಮಾತು ಕಡಿಮೆ. ಒಂದೇ ಮನೆ, ನಾನು ಮದುವೆಯಾಗಿಲ್ಲ, ಒಟ್ಟಿಗೇ ಉಣ್ಣುತ್ತಿದ್ದೆವು. ಆದರೆ ಅವನ ನಗು ಕೇಳಬೇಕಾದರೆ ಬೆಳಗ್ಗೆ ರೇಡಿಯೋ ಕೋಣೆಯ ಬಾಗಿಲಿನ ಹತ್ತಿರ ನಿಲ್ಲಬೇಕಿತ್ತು. ಎಲ್ಲಿಯದೋ ಊರಿನವನ ಮೊಣಕಾಲು ನೋವು ಕೇಳುತ್ತಿದ್ದ, ಮಗಳ ಪರೀಕ್ಷೆ ಕೇಳುತ್ತಿದ್ದ. ಮೈಕು ಕೆಳಗಿಟ್ಟು ಹೊರಗೆ ಬಂದರೆ ನನಗೆ ಒಂದೇ ಮಾತು: "ಜೀಪಿನ ಬ್ರೇಕು ನೋಡಿಸಿದೆಯಾ?" ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ತೋರುತ್ತದೆ, ಅದು ಅವನು ನನ್ನ ಮೊಣಕಾಲು ನೋವು ಕೇಳುವ ರೀತಿ.

"ನಿನಗೆ ಹಿಡಿದದ್ದನ್ನು ಮುಗಿಸುವ ಅಭ್ಯಾಸ ಇಲ್ಲ" ಎಂದು ಒಮ್ಮೆ ಹಮೀದಾಕರ ಎದುರೇ ಹೇಳಿದ್ದ. "ಅರ್ಧ ತಿರುಗಿಸಿದ ಸ್ಕ್ರೂ ಹಾಕದೆ ಇದ್ದದ್ದಕ್ಕಿಂತ ಅಪಾಯ. ಹಾಕದೆ ಇದ್ದರೆ ಕಾಣ್ತದೆ." ಆ ಮಾತು ನನಗೆ ಚುಚ್ಚಿತ್ತು.

ಹೋದ ವರ್ಷ ಮಳೆ ಹಿಡಿದ ಸುರುವಿಗೆ, ಒಂದು ಬೆಳಗ್ಗೆ ನನ್ನ ಜೀಪು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿಯನ್ನು ಚಾಸಿಗೆ ಜೋಡಿಸುವ ತಾಮ್ರದ ಪಟ್ಟಿ ತುಂಡಾಗಿತ್ತು. ಗುತ್ತಿಗಾರಿಗೆ ಬಾಡಿಗೆ ಇತ್ತು. ರೋಗಿಯನ್ನು ಒಯ್ಯಲಿಕ್ಕಿತ್ತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು. ರೋಗಿ ಅಲ್ಲ. ಗೃಹಪ್ರವೇಶದ ಊಟಕ್ಕೆ ಹೋಗುವವರು, ಸೀರೆ ಉಟ್ಟು ರಸ್ತೆಬದಿಯಲ್ಲಿ ಕಾಯುತ್ತಿದ್ದರು. ಅಣ್ಣ ಅಂಗಡಿಗೆ ಹೋಗಿದ್ದ. ಫೋನು ಮಾಡಬಹುದಿತ್ತು. ಮಾಡಿದರೆ ಬೈಯುತ್ತಾನೆ. ನಾನು ಕೋಣೆಯ ಹಿಂದೆ ಹೋಗಿ, ಸ್ಪ್ಯಾನರಿನಲ್ಲಿ ಎರಡು ನಟ್ಟು ಬಿಚ್ಚಿ, ಗೋಡೆಯ ಬೋಲ್ಟಿನಿಂದ ಪೈಪಿಗೆ ಹೋಗುವ ಪಟ್ಟಿಯನ್ನು ತೆಗೆದು ಜೀಪಿಗೆ ಹಾಕಿದೆ. ಅಳತೆ ಮಾಡಿದ ಹಾಗೆ ಕೂತಿತು.

ಅದು ಕೋಲಿನ ತಂತಿಯನ್ನು ಮಣ್ಣಿಗೆ ಸೇರಿಸುವ ಪಟ್ಟಿ ಎಂದು ನನಗೆ ಗೊತ್ತಿತ್ತು. ಸಂಜೆ ಹೊಸದು ತಂದು ಹಾಕುವುದು ಎಂದುಕೊಂಡೆ. ಸಂಜೆ ಅಂಗಡಿ ಮುಚ್ಚಿತ್ತು. ಮರುದಿನ ನೆನಪಾದಾಗ ಸುಳ್ಯದಲ್ಲಿದ್ದೆ. ಮಳೆಗಾಲದಲ್ಲಿ ಅಣ್ಣ ಲೀನಿಯರ್ ತೆರೆಯುವುದು ಅಪರೂಪ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನೆನಪಾಗುವುದೂ ನಿಂತಿತು. ಕೋಣೆಯ ಒಳಗಿನಿಂದ ನೋಡಿದರೆ ಎಲ್ಲ ಮೊದಲಿನ ಹಾಗೆಯೇ ಇತ್ತು. ಕೋಲು ಮೊಳೆಯಲ್ಲಿ, ತಂತಿ ಮೇಜಿನ ಹಿಂದೆ. ಹೊರಗೆ ಪೈಪಿನ ಸುತ್ತ ಕೆಸು ಎದ್ದು ಎಲ್ಲವನ್ನೂ ಮುಚ್ಚಿತು.

ಅದೇ ಮಳೆಗಾಲದ ಒಂದು ಬೆಳಗ್ಗೆ ಅತ್ತಿಗೆ ಅಂಗಡಿಗೆ ಹೋಗಿ ಆಗಿತ್ತು. ಅಣ್ಣ ರೇಡಿಯೋದಲ್ಲಿ ಮಾತಾಡುತ್ತಿದ್ದ. ನಾನು ಜೀಪು ಒರಸುತ್ತಿದ್ದೆ. ಮಾತು ನಡುವೆ ನಿಂತಿತು. "ಛೆ, ಕೈಕೊಟ್ಟಿತು ಮಾರಾಯ" ಎಂದು ಅವನು ತನ್ನಷ್ಟಕ್ಕೇ ಹೇಳಿದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಸ್ಕ್ರೂ ತೆಗೆಯುವ ಸದ್ದು. ಆಗಲೂ ನನಗೆ ನೆನಪಾಗಲಿಲ್ಲ. ಆಮೇಲೆ ಏನೂ ಕೇಳಲಿಲ್ಲ. ಜೀಪು ಒರಸಿ ಮುಗಿಸಿ, ಚಾ ಮಾಡಿ, ಕರೆದೆ. ಉತ್ತರ ಇಲ್ಲ.

ಅಣ್ಣ ಪೆಟ್ಟಿಗೆಯ ಮೇಲೆ ಬಗ್ಗಿ ಕೂತಿದ್ದ. ಪ್ಲಗ್ಗು ಕಿತ್ತು ಮೇಜಿನ ಮೇಲೆ, ತನ್ನ ಕಣ್ಣಿಗೆ ಕಾಣುವಲ್ಲಿ ಇಟ್ಟಿದ್ದ. ಎರಡು ಕೈಗಳೂ ಪೆಟ್ಟಿಗೆಯ ಒಳಗಿದ್ದವು. ವಾಲ್ವಿನ ತಲೆಯ ಮೇಲೆ ಕೋಲು ನೇತಾಡುತ್ತಿತ್ತು.

ಎಳೆದು ಕೆಳಗೆ ಮಲಗಿಸಿದೆ. ಎದೆ ಒತ್ತಿದೆ. ಉಸಿರಿರಲಿಲ್ಲ. ಕೂಗಿದೆ. ಪಕ್ಕದ ಮನೆಯವರು ಓಡಿ ಬರುವ ಸದ್ದು ಕೇಳಿತು. ಆ ಸದ್ದು ಮೆಟ್ಟಿಲಿಗೆ ಬರುವುದರೊಳಗೆ ನಾನು ಎದ್ದು ಕೋಲನ್ನು ವಾಲ್ವಿನ ಮೇಲಿಂದ ತೆಗೆದು ಮೊಳೆಗೆ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಯೋಚನೆ ಮಾಡಿ ಮಾಡಿದ್ದಲ್ಲ ಎಂದು ಹೇಳಬಹುದು. ಆದರೆ ಕೈಗೆ ಎಲ್ಲ ಗೊತ್ತಿತ್ತು. ಕೋಲು ಅಲ್ಲೇ ಇದ್ದರೆ ಯಾರಾದರೂ ತಂತಿಯನ್ನು ಹಿಡಿದುಕೊಂಡು ಹೊರಗೆ ಹೋಗಿ ನೋಡುತ್ತಾರೆ.

ಅವನನ್ನು ಪುತ್ತೂರಿನ ಆಸ್ಪತ್ರೆಗೆ ಒಯ್ದದ್ದು ನನ್ನ ಜೀಪಿನಲ್ಲೇ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಅಣ್ಣನ ಬೊಜ್ಜ, ಉತ್ತರಕ್ರಿಯೆ ಮುಗಿದ ಮೇಲೆ ಹಮೀದಾಕ ಬಂದು ಪೆಟ್ಟಿಗೆ ಬಿಚ್ಚಿ ನೋಡಿದರು. ಅದಕ್ಕಿಂತ ಮೊದಲೇ ನಾನು ಪಟ್ಟಿಯನ್ನು ಜೀಪಿನಿಂದ ತೆಗೆದು ಇದ್ದಲ್ಲಿಗೆ ಹಾಕಿದ್ದೆ. ಈ ಸಲ ನಟ್ಟು ಪೂರಾ ಬಿಗಿಮಾಡಿದ್ದೆ. ಹಮೀದಾಕ ಹೊರಗೆ ಹೋಗಿ ಅದನ್ನೂ ಎಳೆದು ನೋಡಿದರು. ಒಳಗೆ ಬಂದು ಅತ್ತಿಗೆಯ ಎದುರು ಕೂತರು.

"ಕರೆಂಟು ಇಳಿಸುವ ರೆಸಿಸ್ಟರ್ ತುಂಡಾಗಿದೆ. ಮೀಟರಿನ ಮುಳ್ಳು ಅಂಟಿದೆ. ಆದರೆ ಅರ್ತು ಗಟ್ಟಿ ಉಂಟು. ಕೋಲು ಹಾಕಿದ್ದರೆ..." ಎಂದು ತಲೆ ತಗ್ಗಿಸಿದರು. "ಕೋಲು ಮೊಳೆಯಲ್ಲೇ ಇತ್ತಂತೆ."

"ಕೈ?" ಎಂದು ಅತ್ತಿಗೆ ಕೇಳಿದರು. ಕೇಳಿದ್ದು ನನ್ನನ್ನು.

"ಎರಡೂ ಒಳಗಿತ್ತು" ಎಂದೆ. ಅದು ಸುಳ್ಳಲ್ಲ. ಅಷ್ಟೇ ಹೇಳಿದ್ದು ಸುಳ್ಳು.

ಅತ್ತಿಗೆ ಆಗ ಅಳಲಿಲ್ಲ. ಕೆಲವು ದಿನಗಳ ನಂತರ ಅಣ್ಣನ ಬನಿಯನುಗಳನ್ನು ಎದುರಿಗೆ ಹಾಕಿಕೊಂಡು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿ ಕಿಸೆಗಳನ್ನು ಕಿತ್ತರು. ಬನಿಯನುಗಳು ನೆಲ ಒರಸುವ ಬಟ್ಟೆಯಾದವು. ನಾನು ನೋಡುತ್ತಾ ನಿಂತಿದ್ದೆ.

"ಇದು ಒಂದೇ ಮಾತು ನಾನು ಅವರ ಹತ್ತಿರ ಕೇಳಿದ್ದು. ಬೇರೆ ಎಂತ ಕೇಳಿದ್ದೇನೆ ಹೇಳು? ಬಂಗಾರ ಕೇಳಿದ್ದೇನಾ? ಕೈ ಕಿಸೆಯಲ್ಲಿ ಇಡಿ ಅಂತ. ಅದೂ ಭಾರ ಆಯ್ತು ಅವರಿಗೆ."

ಮತ್ತೆ ಅವರು ಅಣ್ಣನ ಮಾತು ಎತ್ತಿದಾಗಲೆಲ್ಲ ದನಿಯಲ್ಲಿ ಕೋಪವೇ ಇರುತ್ತಿತ್ತು. ಸತ್ತವನ ಮೇಲಿನ ಕೋಪಕ್ಕೆ ಸಮಾಧಾನ ಹೇಳುವವರು ಇಲ್ಲ. ನನ್ನಿಂದ ಮಾತ್ರ ಆಗುತ್ತಿತ್ತು. ನಾನು ಉಂಡು, ಕೈ ತೊಳೆದು, ಜೀಪು ಹತ್ತಿ ಹೋಗುತ್ತಿದ್ದೆ.

ಈ ಬೇಸಗೆಯಲ್ಲಿ ಹಮೀದಾಕ ಪುತ್ತೂರಿನಲ್ಲಿ ರೇಡಿಯೋ ಲೈಸೆನ್ಸಿನ ಪರೀಕ್ಷೆ ಬರೆಯುವವರಿಗೆ ಪಾಠ ಮಾಡಿದರು. ತೋರಿಸಲು ಅಣ್ಣನ ಪೆಟ್ಟಿಗೆ ಬೇಕೆಂದರು. ಜೀಪಿನಲ್ಲಿ ಒಯ್ದು ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಹಮೀದಾಕ ಹೆಸರು ಹೇಳದೆ ಹೇಳಿದರು.

"ನಮ್ಮಲ್ಲಿ ಒಬ್ಬರು ಇದ್ದರು. ಅವರಷ್ಟು ಜಾಗ್ರತೆಯವರನ್ನು ನಾನು ಗಲ್ಫಿನಲ್ಲೂ ನೋಡಲಿಲ್ಲ. ಅಂಥವರೇ ಒಂದು ದಿನ ಕೋಲು ಹಾಕುದು ಮರೆತರು, ಕೈ ಕಿಸೆಯಿಂದ ತೆಗೆದರು. ಒಂದೇ ದಿನ."

ಎದುರಿನ ಸಾಲಿನ ಒಬ್ಬಳು ಹುಡುಗಿ ಕೇಳಿದಳು: "ಪ್ಲಗ್ಗು ತೆಗೆದಿದ್ದರಾ ಸರ್?"

"ತೆಗೆದು ಮೇಜಿನ ಮೇಲೆ ಇಟ್ಟಿದ್ದರು."

"ಪ್ಲಗ್ಗು ಮರೆಯದವರು ಕೋಲು ಮರೆತದ್ದು ಹೇಗೆ?"

"ಮರೆವು ಹೇಳಿ ಬರ್ತದಾ ಮಗಳೇ?"

ಹುಡುಗಿ ಒಪ್ಪಲಿಲ್ಲ. ಪೆಟ್ಟಿಗೆಯ ಕಿಂಡಿಗಳಿಗೆ ಅಣ್ಣ ಹೊಡೆದ ಬಲೆಯನ್ನು, ಒಂದೊಂದು ಸ್ಕ್ರೂವನ್ನು ನೋಡಿದಳು. "ಇದನ್ನು ಕಟ್ಟಿದವರು ಮರೆಯುವ ಹಾಗೆ ಕಾಣುದಿಲ್ಲ" ಎಂದಳು. ಅಣ್ಣನನ್ನು ಕಣ್ಣಿನಲ್ಲೂ ನೋಡದವಳು. ನಾನು ಎದ್ದು ಹೊರಗೆ ಬಂದೆ.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತಿಗೆ ಮೆಶಿನಿನ ಮುಂದೆ ಕೂತಿದ್ದರು. ನಿಂತೇ ಹೇಳಿದೆ. ಹಮೀದಾಕ ಪಾಠದಲ್ಲಿ ಹೇಳಿದ್ದು, ನಾನು ಪಟ್ಟಿ ತೆಗೆದದ್ದು, ಮರೆತದ್ದು, ಕೋಲು ಮೊಳೆಗೆ ಹಾಕಿದ್ದು, ಪಟ್ಟಿ ವಾಪಸು ಹಾಕಿದ್ದು. ಮೆಶಿನು ಯಾವಾಗ ನಿಂತಿತು ಎಂದು ಗೊತ್ತಾಗಲಿಲ್ಲ.

"ಕೋಲು ಎಲ್ಲಿತ್ತು? ಇನ್ನೊಮ್ಮೆ ಹೇಳು."

"ವಾಲ್ವಿನ ತಲೆಯಲ್ಲಿ. ನೇತಾಡ್ತಿತ್ತು."

"ನೀನು ಕಣ್ಣಾರೆ ನೋಡಿದ್ದಾ?"

"ನೋಡಿದ್ದು."

ಅತ್ತಿಗೆ ತನ್ನ ಎಡಗೈಯನ್ನು ಮಡಿಲ ಮೇಲೆ ತಿರುಗಿಸಿ ನೋಡಿಕೊಂಡರು. "ಹಾಗಾದರೆ ಅವರು ಕೈ ತೆಗೆಯಬಹುದಿತ್ತು."

"ತೆಗೆಯಬಹುದಿತ್ತು."

"ಬನಿಯನೆಲ್ಲ ನೆಲ ಒರಸಿ ಹರಿದುಹೋಯಿತಲ್ಲ ಮಾರಾಯ" ಎಂದರು. ಆಗ ಅತ್ತರು. ಅಣ್ಣ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹತ್ತಿರ ಹೋದೆ. ಕೈ ಅಡ್ಡ ಹಿಡಿದರು.

"ನೀನು ಬರಬೇಡ. ಇನ್ನು ಈ ಮನೆಗೂ ಬರುದು ಬೇಡ. ಪಟ್ಟಿ ತೆಗೆದದ್ದನ್ನು ಒಂದಲ್ಲ ಒಂದು ದಿನ ನಾನು ಮರೆತೇನು. ಕೋಲು ತೆಗೆದದ್ದನ್ನು ಮರೆಯುದಿಲ್ಲ." ಸೆರಗಿನಿಂದ ಮುಖ ಒರಸಿಕೊಂಡು ಮತ್ತೆ ಹೇಳಿದರು: "ರೇಡಿಯೋದವರು ಪುಸ್ತಕಕ್ಕೆ ಬರೆಯಲು ಕೇಳಿದ್ದಾರಲ್ಲ, ನೀನೇ ಬರೆ. ಹೆಸರು ಹಾಕಬೇಡ. ಅಷ್ಟು ಜನರ ಎದುರು ಹೆಸರಿಲ್ಲದೆ ಅವರಿಗೆ ತಪ್ಪು ಹೊರಿಸಿದ್ದಾರೆ. ಯಾರೆಂದು ಎಲ್ಲರಿಗೂ ಗೊತ್ತಾಗಿದೆ. ಇದೂ ಹಾಗೆಯೇ ಗೊತ್ತಾಗಲಿ."

ನಾನೀಗ ಗುತ್ತಿಗಾರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಜೀಪು ಮಾರಿದೆ, ಬೇರೆಯವರ ಪಿಕಪ್ಪು ಓಡಿಸುತ್ತೇನೆ. ಪೊಲೀಸರಿಗೂ ಹೋಗಿ ಹೇಳಿದೆ. ಬರೆದುಕೊಂಡರು, ಕರೆದಾಗ ಬಾ ಎಂದರು.

ಹಮೀದಾಕ, ನಿಮಗೆ ಮುಖ ತೋರಿಸಿ ಹೇಳುವ ಧೈರ್ಯ ಬರಲಿಲ್ಲ, ಇಲ್ಲಿ ಓದಬೇಕಾಯಿತು. ಮುಂದಿನ ಪಾಠದಲ್ಲಿ ಹೊಸಬರಿಗೆ ಹೀಗೆ ಹೇಳಿ: ಕೋಲನ್ನು ನಂಬುವ ಮೊದಲು ಹೊರಗೆ ಹೋಗಿ ತಂತಿ ಮಣ್ಣಿನವರೆಗೆ ಉಂಟಾ ಎಂದು ನೋಡಬೇಕು, ಮನೆಯಲ್ಲಿ ನನ್ನಂಥವನು ಇರಬಹುದು. ಆ ಹುಡುಗಿ ಮತ್ತೆ ಬಂದರೆ ಅವಳು ಕೇಳಿದ್ದು ಸರಿ ಎಂದು ಹೇಳಿ. ಅಣ್ಣ ಮರೆತಿರಲಿಲ್ಲ. ಮೊದಲು ಪ್ಲಗ್ಗು ಕಿತ್ತ. ಆಮೇಲೆ ಕೋಲು ಹಾಕಿದ. ಅದು ನೇತಾಡುವುದನ್ನು ನೋಡಿದ ಮೇಲೆಯೇ ಎಡಗೈಯನ್ನು ಕಿಸೆಯಿಂದ ತೆಗೆದ.